ಕೋಟೆಯೊಳಗೆ ಚೆಲ್ಲಿದ ಚರಗ

ಅಲಿಬಾಗದ ದಂಡೆಯಲ್ಲಿ ಮೊದಲು ಮೂಗಿಗೆ ಬಡಿಯುವುದು ಸಮುದ್ರವಲ್ಲ, ಕುದುರೆ. ಒದ್ದೆ ಮರಳಿನ ಮೇಲೆ ಟಾಂಗಾದ ಕುದುರೆಗಳು ಹೊಯ್ದ ಉಚ್ಚೆ, ಅದರ ಹಿಂದೆ ಒಣಮೀನು, ಅದರ ಹಿಂದೆ ಬೋಟಿನ ಡೀಸೆಲ್ಲು. ಈ ಸಲ ಎಳ್ಳಮಾಸಿಯ ದಿನ ಟೆಂಪೊದಿಂದ ಇಳಿದಾಗ ಆ ವಾಸನೆ ಮುಖಕ್ಕೆ ರಾಚಿತು. ಆರೇಳು ವರ್ಷದಿಂದ ನಾನು ಈ ಕಡೆ ತಲೆ ಹಾಕಿರಲಿಲ್ಲ. ದಂಡೆಯಲ್ಲಿ ಬದಲಾದದ್ದೇನೂ ಇಲ್ಲ, ಎಲ್ಲವೂ ಇನ್ನಷ್ಟು ಹೆಚ್ಚಾಗಿದೆ ಅಷ್ಟೆ. ಒಂಟೆಗಳು ಹೆಚ್ಚಾಗಿವೆ, ಮರಳಿನ ಮೇಲೆ ಗುರ್ರೆನ್ನುವ ಗಾಡಿಗಳು ಹೆಚ್ಚಾಗಿವೆ, ಫಲಕಗಳು ಹೆಚ್ಚಾಗಿವೆ. ಒಂದು ಫಲಕದಲ್ಲಿ ಹುಡುಗಿಯೊಬ್ಬಳು ನಗುತ್ತ ಪಾದ ಮುಳುಗುವಷ್ಟು ನೀರಿನಲ್ಲಿ ನಡೆದಿದ್ದಾಳೆ, ಹಿಂದೆ ಸಮುದ್ರದ ನಡುವಿನ ಕೋಟೆ. ಕೆಳಗೆ ಮರಾಠಿಯಲ್ಲಿ, ಕೋಟೆಗೆ ನಡೆದು ಹೋಗುವ ಮಜಾ ತಪ್ಪಿಸಿಕೊಳ್ಳಬೇಡಿ ಎಂದು ಬರೆದಿದೆ.

ಮಜಾ ಅಂತೆ! ಆ ಫಲಕ ಕಿತ್ತು ನೀರಿಗೆ ಎಸೆಯಬೇಕು ಅನ್ನಿಸಿತು. ಆದರೆ ಫಲಕ ಏನು ಮಾಡೀತು? ನನ್ನ ತಮ್ಮ ದೇವಿಂದ್ರನ ಹೆಸರು ಕೆಟ್ಟದ್ದು ಈ ದಂಡೆಯ ಮೇಲೆ. ಕೆಡಿಸಿದ್ದು ಫಲಕವೂ ಅಲ್ಲ, ಸಮುದ್ರವೂ ಅಲ್ಲ. ನಾನು.

ನಾವು ಅಕ್ಕ ತಮ್ಮ ಯಾದಗಿರಿ ಕಡೆಯವರು. ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ನಾನು ಪುಣೆಗೆ ಬಂದೆ, ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತೆ, ಆಮೇಲೆ ಅಲ್ಲಿಯ ಧನಕವಡಿ ಬಡಾವಣೆಯಲ್ಲಿ ಖಾನಾವಳಿ ಹಾಕಿದೆ. ನಮ್ಮ ಕಡೆಯ ಕೆಲಸಗಾರರೇ ಉಣ್ಣಲು ಬರುತ್ತಿದ್ದರು. ದೇವಿಂದ್ರ ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬಿನ ಕೆಳಗೆ ಹಲಗೆ ಹೊಡೆದು, ಆನಿಕೆ ಕಂಬ ಕೊಟ್ಟು, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚುವುದು ಅವನ ಕೆಲಸ. ಆಳು ಕೂಡಿಸಿ ಕೆಲಸ ಮಾಡಿಸುವ ಮುಕಾದಮ ತಿಪ್ಪಣ್ಣನ ಗ್ಯಾಂಗಿನಲ್ಲಿದ್ದ. ನಡುವೆ ಎರಡು ಚಳಿಗಾಲ ಅಲಿಬಾಗದ ಪಕ್ಕದ ನಾಗಾವದಲ್ಲಿ, ಪ್ರವಾಸಿಗರಿಗಾಗಿ ಕಟ್ಟುತ್ತಿದ್ದ ಮನೆಗಳ ಕೆಲಸಕ್ಕೆ ಹೋಗಿದ್ದ. ಕೆಲಸ ಮುಗಿದ ಮೇಲೆ ಟಾಂಗಾ ಓಡಿಸುವ ಗಣಪತ್ ಕಾಕಾ ಎಂಬ ಮುದುಕನ ಪಕ್ಕ ಕುಳಿತು ಸಮುದ್ರ ನೋಡುತ್ತಿದ್ದನಂತೆ. ನೀರು ಏರುವುದಕ್ಕೆ ಅಲ್ಲಿಯವರು ಭರತಿ ಅನ್ನುತ್ತಾರೆ, ಇಳಿಯುವುದಕ್ಕೆ ಓಹೋಟಿ. ಯಾವ ತಿಥಿಗೆ ಯಾವ ಹೊತ್ತಿನಲ್ಲಿ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಅವನು ಅಲ್ಲಿ ಕಲಿತ.

ಪುಣೆಯ ಜನ ಶನಿವಾರ, ಭಾನುವಾರ ಸಮುದ್ರಕ್ಕೆ ಹೋಗುತ್ತಾರೆ. ನಮ್ಮ ಗ್ಯಾಂಗಿಗೆ ಭಾನುವಾರ ರಜೆಯಲ್ಲ, ಅಮವಾಸ್ಯೆ ರಜೆ. ಅಮವಾಸ್ಯೆಗೆ ನಮ್ಮವರು ಕರಣಿ, ಸಲಿಕೆ ಮುಟ್ಟುವುದಿಲ್ಲ. ಹಾಗಾಗಿ ನಾವು ಹೋದದ್ದೆಲ್ಲ ಅಮವಾಸ್ಯೆಗೆ. ಅಮವಾಸ್ಯೆಯ ಸಮುದ್ರ ಬೇರೆ. ಉಳಿದ ದಿನಗಳಿಗಿಂತ ದೂರಕ್ಕೆ ಸರಿಯುತ್ತದೆ, ಸರಿದಷ್ಟೇ ಜೋರಾಗಿ ತಿರುಗಿ ಬರುತ್ತದೆ. ನಸುಕಿನಲ್ಲಿ ಕೋಟೆಯವರೆಗೆ ನೆಲ ಬಿಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೇ ನೆಲದ ಮೇಲೆ ಬೋಟು ಓಡುತ್ತದೆ. ಇದು ದೇವಿಂದ್ರನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಅವನೇ ಹೇಳಿಕೊಟ್ಟಿದ್ದ. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿಯೂ ನನಗಿಲ್ಲ.

ಅವನ ಹೆಸರು ಕೆಟ್ಟ ಆ ಚಳಿಗಾಲ ಮೊದಲ ಸಲ ಹೋದದ್ದು ಛಟ್ಟಿ ಅಮವಾಸ್ಯೆಗೆ. ತಿಪ್ಪಣ್ಣನ ಗ್ಯಾಂಗು, ಅವರ ಹೆಂಡಂದಿರು, ಅಡಿಗೆ ನನ್ನದು, ದಾರಿ ತೋರಿಸುವುದು ದೇವಿಂದ್ರನದು. ಮುಂಜಾನೆ ಕೋಟೆಗೆ ನಡೆದು ಹೋದೆವು. ಒಳಗೆ ಗಣಪತಿಯ ಗುಡಿ, ಸುತ್ತ ಉಪ್ಪು ನೀರಿದ್ದರೂ ಸಿಹಿಯಾಗಿರುವ ಬಾವಿ, ತುಕ್ಕು ಹಿಡಿದ ತೋಪುಗಳು. ನೀರು ಏರುವ ಮೊದಲೇ ದೇವಿಂದ್ರ ಎಲ್ಲರನ್ನೂ ಕುರಿ ಹೊಡೆದಂತೆ ಈಚೆ ಹೊಡೆದುಕೊಂಡು ಬಂದ. ಆಮೇಲೆ ನಾಗಾವದ ದಂಡೆ. ಹಳದಿ ಬಾಳೆಹಣ್ಣಿನಂಥ ರಬ್ಬರ್ ದೋಣಿಯ ಮೇಲೆ ಕುಳಿತ ಹೆಂಗಸರು ಸೀರೆ ಸಮೇತ ನೀರಿಗೆ ಬಿದ್ದು, ಎದ್ದು, ಮತ್ತೆ ಹತ್ತಿದರು. ದಿನಾ ಇಪ್ಪತ್ತನೆಯ ಮಾಳಿಗೆಯ ತುದಿಯಲ್ಲಿ ನಿಂತು ಬೀಡಿ ಸೇದುವ ತಿಪ್ಪಣ್ಣನನ್ನು ಬೋಟು ಎಳೆಯುವ ಪ್ಯಾರಾಚೂಟಿನ ಛತ್ರಿಗೆ ಕಟ್ಟಿ ಗಾಳಿಗೆ ಬಿಟ್ಟಾಗ ಅವನು ಆಕಾಶದಲ್ಲಿ "ಯವ್ವಾ, ಇಳಸ್ರೋ" ಎಂದು ಕೂಗಿದ್ದು ದಂಡೆಯ ಒಂಟೆಗಳಿಗೂ ಕೇಳಿಸಿತು.

"ಮುಕಾದಮರ, ಬಿಲ್ಡಿಂಗ್ ಮ್ಯಾಲ ಹುಲಿ, ಇಲ್ಲಿ ಇಲಿ ಆದ್ರಿ ನೋಡ್ರಿ," ಅಂದ ದೇವಿಂದ್ರ.

"ಬಿಲ್ಡಿಂಗಿಗಿ ನೀ ಆನಿಕಿ ಕೊಟ್ಟಿರ್ತೀದಿ. ಇದಕ್ಕ ಯಾರು ಕೊಟ್ಟಾರ?" ಅಂದ ತಿಪ್ಪಣ್ಣ, ಇನ್ನೂ ನಡುಗುತ್ತ.

ಮಧ್ಯಾಹ್ನ ರೇವದಂಡದ ಹಳೆಯ ಕೋಟೆಯ ಮುರಿದ ಗೋಡೆಗಳ ನಡುವೆ ತೆಂಗಿನ ನೆರಳಲ್ಲಿ ಕುಳಿತೆವು. ಆ ದಿನದಷ್ಟು ನಗು ನಾನು ನಮ್ಮ ಜನರಲ್ಲಿ ನೋಡಿರಲಿಲ್ಲ. ತಿರುಗಿ ಬರುವಾಗ ಟೆಂಪೊದಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು. ದೇವ್ಯಾ ಇಲ್ಲಂದ್ರ ಆಗ್ತಿತ್ತೇನು, ದೇವ್ಯಾ ಹುಷಾರ್ ಅದಾನ, ದೇವ್ಯಾ ಹೇಳಿದಂಗ ಕೇಳಬೇಕು. ರಾತ್ರಿಯೆಲ್ಲ ರೊಟ್ಟಿ ಬಡಿದ ನನ್ನ ಕೈಗೆ ಬೊಬ್ಬೆ ಬಂದಿತ್ತು. ಊಟದ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ನನ್ನ ತಮ್ಮನನ್ನು ಹೊಗಳಿದರೆ ನಾನು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ, ಉರಿದೆ. ಅಷ್ಟು ಸಣ್ಣ ಹೆಂಗಸು ನಾನು.

ಮುಂದಿನ ಅಮವಾಸ್ಯೆ ಎಳ್ಳಮಾಸಿ. ಎಳ್ಳಮಾಸಿ ಎಂದರೆ ನಮ್ಮ ಕಡೆ ಹೊಲಕ್ಕೆ ಹೋಗುವ ಹಬ್ಬ. ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಸಜ್ಜೆ ಕಡುಬು, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ರೊಟ್ಟಿ ಕಲಸಿ ಬೆಳೆಯ ಸುತ್ತ ಚೆಲ್ಲುತ್ತೇವೆ. ಒಬ್ಬ ಚೆಲ್ಲುತ್ತ ಕೂಗುತ್ತ ಮುಂದೆ ಹೋದರೆ ಇನ್ನೊಬ್ಬ ನೀರು ಚಿಮುಕಿಸುತ್ತ ಹಿಂದೆ. ಅದೇ ಚರಗ. ಆಮೇಲೆ ಎಲ್ಲರೂ ಹೊಲದಲ್ಲೇ ಕುಳಿತು ಉಣ್ಣಬೇಕು. ಪುಣೆಯಲ್ಲಿ ನಮಗೆ ಹೊಲ ಎಲ್ಲಿಂದ ಬರಬೇಕು? ತಿಪ್ಪಣ್ಣನ ಹೆಂಡತಿ ಸಂಗವ್ವನೇ ಉಪಾಯ ಹೇಳಿದಳು.

"ಆ ಕೋಟಿ ಒಳಗ ಮಣ್ಣದ, ಹುಲ್ಲದ, ಬಾವಿ ಅದ. ಈ ಸಲ ಅದೇ ನಮ್ಮ ಹೊಲ."

ಎಲ್ಲರೂ ಹೂಂ ಅಂದರು. ದೇವಿಂದ್ರ ಒಪ್ಪಿದ, ಆದರೆ ಒಂದು ಮಾತು ಹೇಳಿದ. ಖಾನಾವಳಿಯ ಒಲೆಯ ಮುಂದೆ ನಿಂತು, ನನಗೇ ಹೇಳಿದ.

"ಪೂಜಿ ಮಾಡ್ರಿ, ಚರಗ ಚೆಲ್ರಿ, ಹೊಳ್ಳಿ ಬರ್ರಿ. ಊಟ ಮಾತ್ರ ಈ ಕಡಿ ದಂಡಿ ಮ್ಯಾಲ."

"ಹೊಲದಾಗ ಉಣ್ಣದೇ ಬಂದ್ರ ಚರಗ ಮುಟ್ಟತದೇನೋ?"

"ಅಕ್ಕಾ, ನಾಕು ಮೂಲಿ ಸುತ್ತಿ ಚೆಲ್ಲೂದ್ರಾಗೇ ಅರ್ಧ ಹೊತ್ತು ಹೋಗ್ತದ. ಎಲಿ ಹಾಸಿ ಕುಂತ್ರ ನಮ್ಮ ಮಂದಿ ಏಳ್ತಾರೇನು? ಅಮಾಸಿ ನೀರು ಅದು, ಯಾರ ಮಾತೂ ಕೇಳಂಗಿಲ್ಲ."

"ಆತು ಬಿಡಪ್ಪ, ಎಲ್ಲಾ ನಿನ್ನ ಮಾತಿನಂಗೇ ನಡೀಲಿ," ಅಂದೆ. ಅಂದದ್ದು ಸಿಟ್ಟಿನಿಂದ. ಅವನು ಒಪ್ಪಿಗೆ ಎಂದುಕೊಂಡ.

ಆ ಮುಂಜಾನೆ ಚಳಿ ಎಷ್ಟಿತ್ತೆಂದರೆ ಒದ್ದೆ ಮರಳು ಪಾದ ಕೊರೆಯುತ್ತಿತ್ತು. ಹೆಂಗಸರು ಇಳಕಲ್ ಸೀರೆ ಉಟ್ಟು, ಬುಟ್ಟಿ ತಲೆಯ ಮೇಲಿಟ್ಟು ಸಾಲಾಗಿ ಸಮುದ್ರದ ಹೊಟ್ಟೆಯಲ್ಲಿ ನಡೆದರು. ಬಂಡೆಗಳ ಮೇಲೆ ಚಿಪ್ಪು, ಪಾಚಿ. ದೇವಿಂದ್ರ ಕೋಟೆಯ ಬಾಗಿಲವರೆಗೆ ಬಂದು, ನೀರು ಏರುವುದನ್ನು ನೋಡಿಕೊಳ್ಳಲು ಅರ್ಧ ದಾರಿಯಲ್ಲಿದ್ದ ಎತ್ತರದ ಬಂಡೆಗೆ ತಿರುಗಿ ಹೋದ. "ನಾ ಕೂಗಿದ ಕೂಡ್ಲೆ ಹೊಂಡ್ರಿ" ಎಂದು ನನ್ನ ಮುಖ ನೋಡಿ ಹೇಳಿಹೋದ.

ಐದು ಕಲ್ಲು ಇಟ್ಟೆವು. ಸುಣ್ಣ, ಕುಂಕುಮ ಹಚ್ಚಿದೆವು. ತಿಪ್ಪಣ್ಣ ಚರಗದ ಬುಟ್ಟಿ ಹಿಡಿದು ಕೋಟೆಯ ಗೋಡೆಗುಂಟ ಕೂಗುತ್ತ ನಡೆದ. ತನ್ನ ಊರಿನಲ್ಲಿ ಅಂಗೈ ಅಗಲ ಹೊಲವಿಲ್ಲದವನು ಆ ದಿನ ಗೌಡನಂತೆ ಎದೆಯೆತ್ತಿ ನಡೆದಿದ್ದ. ಗೋಡೆಗಳು ಆ ಕೂಗನ್ನು ತಿರುಗಿ ಕೂಗಿದವು. ಹೆಂಗಸರು ಅತ್ತರು. ನಾನೂ ಅತ್ತೆ. ಚರಗ ಮುಗಿದಾಗ ಹೊರಗಿನಿಂದ ದೇವಿಂದ್ರನ ಕೂಗು ಕೇಳಿಸಿತು. ಬಾಗಿಲ ಹತ್ತಿರವಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಏನಂತ?" ಅಂದಳು ಸಂಗವ್ವ.

ಬುಟ್ಟಿಗಳಲ್ಲಿ ನನ್ನ ಅಡಿಗೆ ಇತ್ತು. ಎಳ್ಳು ಹಚ್ಚಿದ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ದಂಡೆಗೆ ಹೋದರೆ ಮತ್ತೆ ಎಲ್ಲರೂ ರಬ್ಬರ್ ದೋಣಿಗೆ ಓಡುತ್ತಾರೆ, ರೊಟ್ಟಿ ಕೈಯಲ್ಲಿ ಹಿಡಿದು ನಿಂತೇ ತಿನ್ನುತ್ತಾರೆ. ಇಲ್ಲಿ ಕುಳಿತರೆ ಇದು ನನ್ನ ಹಬ್ಬ.

"ದೇವ್ಯಾ ಹೇಳ್ಯಾನ, ಇನ್ನಾ ಟೈಮ್ ಅದ ಅಂತ. ಕುಂತು ಉಣ್ರಿ," ಅಂದೆ.

ಅಷ್ಟೇ ಮಾತು. ನನ್ನ ಹೆಸರಿನಲ್ಲಿ ಹೇಳಿದ್ದರೆ ಯಾರೂ ಕೂಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಅದಕ್ಕೇ ಅವನ ಹೆಸರು ಬಳಸಿದೆ. ಎಲ್ಲರೂ ಕುಳಿತರು. ಎರಡೆರಡು ಸಲ ಬಡಿಸಿದೆ. "ಮಾದೇವಕ್ಕಾ, ಊರಾಗ ಉಂಡಂಗಾತು" ಅಂದರು. ಆ ಮಾತು ಕೇಳಿ ನನ್ನ ಎದೆ ತುಂಬಿತು. ಈಗ ನೆನೆದರೆ ನನ್ನ ಮೈಗೆ ನಾನೇ ಬೆಂಕಿ ಹಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ದೇವಿಂದ್ರ ನೀರಿನಲ್ಲಿ ಓಡುತ್ತ ಬಂದ. ಸೊಂಟದವರೆಗೆ ತೊಯ್ದಿದ್ದ. ಎಲೆಯ ಮುಂದೆ ಕುಳಿತವರನ್ನು ಒಬ್ಬೊಬ್ಬರಾಗಿ ಎಣಿಸಿದ. ಆಮೇಲೆ ಹೇಳಿದ, "ಈಗ ಯಾರೂ ಹೊಂಡಬ್ಯಾಡ್ರಿ. ಇಲ್ಲೇ ಕೂಡ್ರಿ. ಸಂಜಿಗಿ ನೀರು ಇಳೀತದ, ಆವಾಗ ಹೋಗಮ."

ತಿಪ್ಪಣ್ಣ ಬಾಗಿಲಿಗೆ ಹೋಗಿ ನೋಡಿ ಬಂದ. "ಸಂಜಿ ಮಟ? ಹುಚ್ಚ ಹಿಡದದೇನು ನಿನಗ? ಇನ್ನಾ ಮೊಣಕಾಲ ಮಟ ಅದ. ನಡೀರಿ ಎಲ್ಲಾರೂ!"

"ಇಲ್ಲಿ ಮೊಣಕಾಲದ್ರಿ. ನಡುವಿನ್ಯಾಗ ಹಂಗಿಲ್ಲ. ಕೈ ಮುಗೀತೀನಿ, ಮುಕಾದಮರ."

ಮುಕಾದಮ ನಡೆದ ಮೇಲೆ ಗ್ಯಾಂಗು ನಿಲ್ಲುತ್ತದೆಯೇ? ಎಲ್ಲರೂ ಇಳಿದರು. ನಡುವಿಗೆ ಬರುವಷ್ಟರಲ್ಲಿ ನೀರು ಎರಡೂ ಕಡೆಯಿಂದ ಬಂದು ಕೂಡಿಕೊಂಡಿತು. ಕೆಳಗಿನ ಬಂಡೆ ಕಾಣುತ್ತಿರಲಿಲ್ಲ. ದೇವಿಂದ್ರ ಹೆಂಗಸರ ಸೆರಗುಗಳನ್ನು ಒಂದಕ್ಕೊಂದು ಗಂಟು ಹಾಕಿಸಿ, ತಾನು ಆಳದ ಬದಿಗೆ ನಿಂತು ಒಬ್ಬೊಬ್ಬರನ್ನು ಮುಂದೆ ತಳ್ಳಿದ. ಬುಟ್ಟಿಗಳು ತೇಲಿ ಹೋದವು. ಸಂಗವ್ವನ ಕಾಲು ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿತು, ಅದೇ ಹೊತ್ತಿಗೆ ತೆರೆ ಬಡಿಯಿತು. ಅವಳು ಚೀರಿದ್ದು ಈಗಲೂ ನನ್ನ ಕಿವಿಯಲ್ಲಿದೆ. ದೇವಿಂದ್ರ ಮುಳುಗಿ ಅವಳ ಕಾಲು ಬಿಡಿಸಿ, ಬೆನ್ನ ಮೇಲೆ ಹೊತ್ತು ದಂಡೆಗೆ ತಂದ. ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು.

ಅವಳನ್ನು ಮರಳಿನ ಮೇಲೆ ಮಲಗಿಸಿ ಅವನು ಮೇಲೇಳುವಷ್ಟರಲ್ಲಿ ತಿಪ್ಪಣ್ಣ ಅವನ ಕಪಾಳಕ್ಕೆ ಹೊಡೆದ. ಒಂದಲ್ಲ.

"ಟೈಮ್ ಅದ ಅಂತ ಹೇಳಿ ಉಣ್ಣಾಕ ಕೂಡ್ಸಿದ್ಯಲ್ಲೋ ಸೂಳೇಮಗನ!"

"ನಾ ಹೇಳಿಲ್ರಿ," ಅಂದ ದೇವಿಂದ್ರ.

"ನೀ ಹೇಳಿದ್ದೀ ಅಂತ ನಿನ್ನ ಅಕ್ಕನೇ ಹೇಳ್ಯಾಳ!"

ದೇವಿಂದ್ರ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ಒಂದು ಮಾತು ಹೇಳು ಎಂಬಂತೆ ನೋಡಿದ. ಸುತ್ತ ನಮ್ಮ ಗ್ಯಾಂಗು, ಟಾಂಗಾದವರು, ಒಂಟೆಯವರು, ನೋಡಲು ಸೇರಿದ ಪ್ರವಾಸಿಗರು. ನಾನು ಬಗ್ಗಿ ಸೆರಗಿನ ನೀರು ಹಿಂಡಿದೆ. ಹಿಂಡುತ್ತಲೇ ಇದ್ದೆ. ನಾನು ತಲೆಯೆತ್ತಿದಾಗ ಅವನು ನನ್ನ ಕಡೆ ನೋಡುವುದನ್ನು ಬಿಟ್ಟಿದ್ದ.

ಆಮೇಲಿನದು ಪುಣೆಯಲ್ಲಿ ನಡೆಯಿತು. ಸ್ಲ್ಯಾಬಿನ ಆನಿಕೆ ಯಾವಾಗ ಬಿಚ್ಚಬಹುದು ಎಂದು ಹೇಳುವವನ ಮಾತು ನಂಬಿ ಜನ ಕೆಳಗೆ ನಿಲ್ಲುತ್ತಾರೆ. "ಸಮುದ್ರದಾಗ ಟೈಮ್ ಅದ ಅಂದಾವ ಸ್ಲ್ಯಾಬಿನ ಕೆಳಗ ಏನಂತಾನೋ" ಎಂಬ ಮಾತು ಕಾತ್ರಜದಿಂದ ವಾರ್ಜೆಯವರೆಗೆ ನಮ್ಮ ಕಡೆಯ ಎಲ್ಲ ಗ್ಯಾಂಗುಗಳಲ್ಲಿ ಹಬ್ಬಿತು. ನಗುತ್ತಲೇ ಹೇಳುತ್ತಿದ್ದರು, ಆದರೆ ಯಾವ ಮುಕಾದಮನೂ ಅವನನ್ನು ಕರೆಯಲಿಲ್ಲ. ನನ್ನ ಖಾನಾವಳಿಯಲ್ಲೇ ಕುಳಿತು, ನನ್ನ ಸಾರಿನಲ್ಲಿ ರೊಟ್ಟಿ ಅದ್ದುತ್ತ ಆ ಮಾತು ಆಡುತ್ತಿದ್ದರು. ನಾನು ಸಾರು ಹಾಕುತ್ತಿದ್ದೆ. ದೇವಿಂದ್ರ ಪುಣೆಯ ಆಚೆ ಚಾಕಣದ ಕಾರ್ಖಾನೆಗೆ ಹೋದ, ಗಾಡಿಯ ಬಿಡಿಭಾಗಗಳನ್ನು ಡಬ್ಬಕ್ಕೆ ತುಂಬುವ ಕೆಲಸ ಹಿಡಿದ. ಚಾಕಣದಿಂದ ಧನಕವಡಿಗೆ ಬಸ್ಸುಂಟು. ಅವನು ಬರುವುದಿಲ್ಲ. ನಾಗರಪಂಚಮಿಗೆ ಫೋನು ಮಾಡಿ, "ಆರಾಮ?" ಎಂದು ಕೇಳಿ ಇಡುತ್ತಾನೆ. ನನ್ನ ಸುಳ್ಳಿನ ಬಗ್ಗೆ ಇಂದಿನವರೆಗೆ ಒಂದು ಮಾತು ಕೇಳಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ.

ಸಂಗವ್ವನ ಕಾಲು ಸೊಟ್ಟಗೆ ಕೂಡಿತು. ಬುಟ್ಟಿ ಹೊತ್ತು ಮಾಳಿಗೆ ಹತ್ತುವುದು ಅವಳಿಗೆ ಮುಗಿಯಿತು. ನಾನು ಅವಳನ್ನು ಖಾನಾವಳಿಗೆ ಕರೆದೆ. ಒಳ್ಳೆಯ ಹೆಂಗಸು ಮಾದೇವಿ ಎಂದು ಜನ ಅಂದರು. ಇಷ್ಟು ವರ್ಷ ಅವಳು ನನ್ನ ಪಕ್ಕ ಕುಳಿತು ಉಳ್ಳಾಗಡ್ಡಿ ಹೆಚ್ಚಿದಳು, ಆ ದಿನದ ಬಗ್ಗೆ ಉಸಿರು ಬಿಡಲಿಲ್ಲ. ಕಳೆದ ತಿಂಗಳು ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಬೆಳ್ಳುಳ್ಳಿ ಸುಲಿಯುತ್ತ ಅಂದಳು:

"ಅವತ್ತ ದೇವ್ಯಾ ಕೂಗಿದ್ದು ನನಗೂ ಕೇಳಿಸಿತ್ತವ್ವ. ಹೊಂಡ್ರಿ ಅಂತ ಕೂಗಿದ್ದ."

ನಾನು ಅವಳ ಕಡೆ ತಿರುಗಿದೆ. "ಕೇಳಿಸಿದ್ರ ಮತ್ಯಾಕ ಏನಂತ ಅಂತ ನನ್ನ ಕೇಳ್ದಿ?"

"ನೀ ಏನಂತಿ ನೋಡಮಂತ. ನನಗೂ ಅಲ್ಲೇ ಉಣ್ಣಬೇಕಾಗಿತ್ತು." ಬೆಳ್ಳುಳ್ಳಿ ಸಿಪ್ಪೆ ಊದಿದಳು. "ಅವತ್ತೇ ದವಾಖಾನ್ಯಾಗ ನನ್ನ ಗಂಡಗೂ ಹೇಳೀನಿ. ಅವನಿಂದ ಗ್ಯಾಂಗಿನ ಎಲ್ಲಾರಿಗೂ ಗೊತ್ತದ."

ಎಲ್ಲರಿಗೂ ಗೊತ್ತಿತ್ತು! ನಾನು ಯಾವುದನ್ನು ಮುಚ್ಚಿಟ್ಟಿದ್ದೇನೆಂದು ಇಷ್ಟು ವರ್ಷ ಬೆವರಿದೆನೋ ಅದು ಮುಚ್ಚಿಯೇ ಇರಲಿಲ್ಲ. ಅದೇ ಸಂಜೆ ತಿಪ್ಪಣ್ಣ ಉಣ್ಣಲು ಬಂದಾಗ ತಾಟು ಇಡದೆ ಕೇಳಿದೆ. ಅವನು ಮೀಸೆ ಸವರಿಕೊಂಡ.

"ಹೂಂ, ಗೊತ್ತಿತ್ತು. ಅವ ನೀರಾಗ ಓಡಿ ಬಂದಾಗೇ ಅನುಮಾನ ಬಂದಿತ್ತು, ನಮ್ಮಾಕಿ ಆಮ್ಯಾಲ ಹೇಳಿದ್ಳು. ಅದಕ್ಕೇನೀಗ? ಕೂಡ್ರಿ ಅಂದಾವನ ಮಾತು ಬಿಟ್ಟು ನಡೀರಿ ಅಂದಾವ ನಾನು. ನಮ್ಮಾಕಿ ಕಾಲು ಮುರಕೊಂಡು ಬಿದ್ದಿದ್ಳು. ಮಂದಿ ಎಲ್ಲಾ ನನ್ನ ಮಾರಿ ನೋಡ್ಲಾಕತ್ತಿತ್ತು. ಯಾರಿಗರ ಹೊಡೀಬೇಕಾಗಿತ್ತು. ಹೆಂಗಸಿಗಿ ಹೊಡಿಲಾಕ ಬರ್ತದೇನು? ಅದೂ ದಿನಾ ಅನ್ನ ಹಾಕಾಕಿಗಿ?"

"ಆಮ್ಯಾಲರ ಹೇಳಬೇಕಿತ್ತಿಲ್ಲ?"

"ನೀ ಅಕ್ಕ. ನೀನೇ ಹೇಳಲಿಲ್ಲ. ನಾ ಯಾವಾಂವ?"

ಅವನ ಮೇಲೆ ಕುದಿಯುವ ಸಾರು ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ, ತಾಟು ತಂದಿಟ್ಟು ಬಡಿಸಿದೆ. ಆದರೆ ಒಂದು ನಿಶ್ಚಯ ಮಾಡಿದೆ. ಹೊಡೆದದ್ದು ಎಲ್ಲರ ಮುಂದೆ. ಹೇಳುವುದೂ ಎಲ್ಲರ ಮುಂದೆ, ಅದೇ ಮರಳಿನ ಮೇಲೆ. ಈ ಎಳ್ಳಮಾಸಿಗೆ ಅಡಿಗೆ ನನ್ನದು, ಟೆಂಪೊ ನನ್ನದು ಅಂದೆ. ಆವತ್ತು ಬಂದವರಲ್ಲಿ ಪುಣೆಯಲ್ಲಿರುವವರೆಲ್ಲ ಬಂದರು. ಪುಕ್ಕಟೆ ಊಟಕ್ಕೆ ಯಾರು ಬರುವುದಿಲ್ಲ?

ಈ ಸಲ ಕೋಟೆಗೆ ಯಾರನ್ನೂ ಬಿಡಲಿಲ್ಲ. ದಂಡೆಯ ಮೇಲೆಯೇ ಐದು ಕಲ್ಲು ಇಟ್ಟೆವು, ತೆರೆಗೇ ಚರಗ ಚೆಲ್ಲಿದೆವು. ನೀರು ಏರುವ ಹೊತ್ತಿಗೆ ಎಲ್ಲರೂ ಎಲೆ ಹಾಕಿಕೊಂಡು ಕುಳಿತರು. ನಾನು ಬುಟ್ಟಿಯ ಮೇಲೆ ಕೈಯಿಟ್ಟು ನಿಂತು ಹೇಳಿದೆ.

"ಎಲ್ಲಾರೂ ಕೇಳ್ರಿ. ಅವತ್ತ ಟೈಮ್ ಅದ ಅಂದಾಕಿ ನಾನು. ದೇವ್ಯಾ ಅಂದಿಲ್ಲ. ಅವ ಹೊಂಡ್ರಿ ಅಂತ ಕೂಗಿದ್ದ. ನಾ ಸುಳ್ಳ ಹೇಳ್ದೆ. ಅವನಿಗಿ ಹೊಡಿವಾಗ ಬಾಯಿ ಮುಚ್ಚಿಕೊಂಡು ನಿಂತೆ."

ಮುಂದಿನ ಸಾಲಿನವರು ಎಲೆಯ ಮೇಲಿನ ಮರಳು ಜಾಡಿಸಿದರು. ಹಿಂದಿನ ಸಾಲಿನಿಂದ ಒಬ್ಬ ಅಂದ, "ಆತು ಬಿಡವ್ವ, ಹಳೀ ಮಾತು. ಬಡಿಸು, ಹಸಿವಾಗ್ಯಾದ."

ಹಳೆಯ ಮಾತು! ಚಾಕಣದಲ್ಲಿ ಒಬ್ಬ ಮನುಷ್ಯ ಇಷ್ಟು ವರ್ಷ ಅದನ್ನೇ ಉಂಡು, ಅದನ್ನೇ ಹಾಸಿ ಮಲಗಿದ್ದಾನೆ, ಇವರಿಗೆ ಅದು ಹಳೆಯ ಮಾತು!

"ಬಡಿಸಂಗಿಲ್ಲ," ಅಂದೆ. "ಮೊದ್ಲ ಅವನಿಗಿ ಫೋನ್ ಹಚ್ರಿ. ಮುಕಾದಮ, ನೀ ಹಚ್ಚು."

"ಏನಂತ ಅನ್ಲಿ?"

"ನನಗೇನು ಕೇಳ್ತಿ? ಹೊಡಿವಾಗ ಯಾರನ್ನರ ಕೇಳಿದ್ದೇನು?"

ತಿಪ್ಪಣ್ಣ ಹೆಂಡತಿಯ ಕಡೆ ನೋಡಿದ. ಸಂಗವ್ವ ಸೊಟ್ಟ ಕಾಲು ಮುಂದೆ ಚಾಚಿ ಕುಳಿತಿದ್ದಳು. "ಹಚ್ಚು," ಅಂದಳು. "ಎಲ್ಲಾರಿಗೂ ಕೇಳೂ ಹಂಗ ಹಚ್ಚು."

ಫೋನು ಬಹಳ ಹೊತ್ತು ರಿಂಗಾಯಿತು. ಕೊನೆಗೆ ಎತ್ತಿದ. ಹಿಂದೆ ಯಂತ್ರಗಳ ಸದ್ದು.

"ದೇವಿಂದ್ರಾ, ನಾ ತಿಪ್ಪಣ್ಣ. ಅಲಿಬಾಗದಾಗ ಅದೀವಿ."

ಈ ಕಡೆ ತೆರೆ ಮೊರೆಯುತ್ತಿತ್ತು, ಅದು ಅವನಿಗೆ ಕೇಳಿಸಿರಬೇಕು. ಒಮ್ಮೆಲೆ ಕೂಗಿದ.

"ಅಮಾಸಿ ದಿನ ಹೋಗೀರೇನು? ನೀರು ಏರೂ ಹೊತ್ತದು! ಯಾರರ ಕೋಟ್ಯಾಗ ಸಿಕ್ಕಾರೇನ್ರಿ? ಹೆಂಗಸರು ಈ ಕಡಿ ಅದಾರಿಲ್ಲ? ಮಾತಾಡ್ರಿ ಮುಕಾದಮರ, ಎಲ್ಲಾರೂ ಈ ಕಡಿ ಅದಾರಿಲ್ಲ?"

ತಿಪ್ಪಣ್ಣ ಫೋನನ್ನು ನನ್ನ ಕಡೆ ಚಾಚಿದ. ಸಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನೇ ಬಗ್ಗಿ ಫೋನಿಗೆ ಹೇಳಿದೆ, "ಎಲ್ಲಾರೂ ದಂಡಿ ಮ್ಯಾಲ ಅದೀವಿ, ತಮ್ಮಾ. ಯಾರೂ ಒಳಗ ಹೋಗಿಲ್ಲ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ಹಂಗಾದ್ರ ಉಣ್ರಿ," ಅಂದ. "ಸುಪರ್‌ವೈಜರ್ ನೋಡ್ಲಾಕತ್ತಾನ, ಇಡ್ತೀನಿ."

ತಪ್ಪಾತು ಎನ್ನಲು ತಿಪ್ಪಣ್ಣ ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು. ಅವನು ಬೆವರು ಒರೆಸಿಕೊಂಡು, ಫೋನು ಜೇಬಿಗಿಟ್ಟು, ಎಲೆ ಸರಿಮಾಡಿಕೊಂಡ.

"ಮತ್ತ ಹಚ್ಚು," ಅಂದೆ. ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ.